ಬಾಡಿಗೆಗಿದ್ದಾಳೆ ಎಂದು ಹೇಳಿದ್ದೆ

ಇದನ್ನು ಬರೆಯುವುದನ್ನು ಬಹಳ ದಿನದಿಂದ ಮುಂದೂಡುತ್ತಾ ಬಂದೆ. ಬೇಸಿಗೆಯಲ್ಲಿ ಸೆಕೆ ಎಂದೆ, ಚಳಿಗಾಲದಲ್ಲಿ ಬೆರಳು ಸೆಟೆದುಕೊಳ್ಳುತ್ತವೆ ಎಂದೆ. ಮನೆ ಹತ್ತಿರದ ಮೋರ್ಲಿಯ ಅಂಗಡಿಯಿಂದ ಗೆರೆ ಹಾಕಿದ ನೋಟ್‌ಬುಕ್ ತಂದು ಅದರಲ್ಲಿ ತರಕಾರಿ ಪಟ್ಟಿ ಬರೆದೆ. ನಿಜವಾದ ಕಾರಣ ಬೇರೆ. ಇದರಲ್ಲಿ ನಾನು ಒಳ್ಳೆಯವನಾಗಿ ಕಾಣುವ ಜಾಗ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದೆ, ಸಿಗಲಿಲ್ಲ. ಈಗ ನನಗೆ ಎಪ್ಪತ್ತೆಂಟು. ಹುಡುಕುವುದನ್ನು ಬಿಟ್ಟಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮೈಸೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಟಚಿಂಗ್ ಕೆಲಸ ಮಾಡುತ್ತಿದ್ದೆ. ಕಂಪ್ಯೂಟರ್ ಬರುವ ಮುಂಚಿನ ಮಾತು. ನೆಗೆಟಿವ್ ಅನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಚೂಪು ಪೆನ್ಸಿಲ್ಲಿನಿಂದ ಮುಖದ ಮೇಲಿನ ಕಲೆ, ಸಿಡುಬಿನ ಗುಳಿ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಮುಚ್ಚುವುದು. ಗಂಡಿನ ಕಡೆಯವರಿಗೆ ಕಳಿಸುವ ಫೋಟೋಗಳೇ ಹೆಚ್ಚು. ಹುಡುಗಿಯ ತಾಯಿ ಹತ್ತಿರ ಬಂದು, "ಸ್ವಲ್ಪ ನೋಡ್ಕೊಂಡು ಮಾಡಿ" ಎನ್ನುತ್ತಿದ್ದರು. ನೋಡಿಕೊಂಡು ಮಾಡುತ್ತಿದ್ದೆ. ಅದು ಮೋಸ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮನೆಯ ವಿಷಯವನ್ನು ಹೊರಗಿನವರ ಮುಂದೆ ಇಡುವಾಗ ಯಾರಾದರೂ ಹಾಗೆಯೇ ಇಡುತ್ತಾರೆ ಎಂದುಕೊಂಡಿದ್ದೆ.

ನನಗೆ ಇಬ್ಬರು ಮಕ್ಕಳು. ಇಬ್ಬರೂ ಆಸ್ಟ್ರೇಲಿಯಾದಲ್ಲಿ, ಮಗ ಬ್ರಿಸ್ಬೇನ್‌ನಲ್ಲಿ ಇಂಜಿನಿಯರ್, ಮಗಳು ಪರ್ತ್‌ನಲ್ಲಿ ಡಾಕ್ಟರ್. ನಾನೂ ನನ್ನ ಹೆಂಡತಿಯೂ ಮಗನ ಮನೆಯಲ್ಲಿದ್ದಾಗ ಒಂದು ಭಾನುವಾರ ಮಗಳು ವಿಡಿಯೋ ಕಾಲ್ ಮಾಡಿ, ತಾನು ಒಬ್ಬ ಹೆಂಗಸನ್ನು ಪ್ರೀತಿಸುತ್ತಿದ್ದೇನೆ, ಮದುವೆಯಾಗುತ್ತೇವೆ ಎಂದಳು. ನನ್ನ ಹೆಂಡತಿ, "ಅವಳು ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಾ? ನೀನಂತೂ ಮಾಡಲ್ಲ" ಎಂದು ಕೇಳಿದಳು. ನಾನು ಫೋನನ್ನು ಬೋರಲು ಹಾಕಿ ಎದ್ದು ಹೋದೆ. ಆಮೇಲೆ ಮೂರು ವರ್ಷ ಮಗಳೊಂದಿಗೆ ಮಾತಾಡಲಿಲ್ಲ.

ಮೂರನೆಯ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಪರ್ತ್‌ನಿಂದ ಮಗಳೂ, ಅಷ್ಟರಲ್ಲಿ ಅವಳು ಮದುವೆಯಾಗಿದ್ದ ಹೆಂಗಸೂ ಬಂದರು. ಮಗಳ ಜೊತೆ ಬಂದಿರುವ, ಕೆಂಪು ಕೂದಲಿನ ಆ ಎತ್ತರದ ಹೆಂಗಸು ಯಾರು ಎಂದು ಅಲ್ಲಿಯ ಕನ್ನಡದವರು ಕೇಳಿದರು. ಕೇಳಿದವರಿಗೆಲ್ಲ, "ಮಗಳ ಆಸ್ಪತ್ರೆಯ ನರ್ಸು" ಎಂದೆ. ಅವಳು ಎರಡು ಹೆಜ್ಜೆ ಆಚೆ ನಿಂತಿದ್ದಳು. ಕನ್ನಡ ಬಾರದಿದ್ದರೂ ನರ್ಸ್ ಎಂಬ ಪದ ಯಾರಿಗೂ ಗೊತ್ತಾಗುತ್ತದೆ. ಅವಳು ನಿಜವಾಗಿ ಪರ್ತ್ ಪಕ್ಕದ ಫ್ರೀಮ್ಯಾಂಟಲ್ ಬಂದರಿನಲ್ಲಿ ಕಂಟೇನರ್ ಎತ್ತುವ ಕ್ರೇನ್ ನಡೆಸುತ್ತಾಳೆ.

ನನ್ನ ಮಂಡಿ ಕೆಟ್ಟಾಗ ಮಗಳು ಬ್ರಿಸ್ಬೇನಿಗೆ ಬಂದು, ಏನೂ ಆಗೇ ಇಲ್ಲವೆಂಬಂತೆ ನನ್ನ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬಿ ಪರ್ತ್‌ಗೆ ಕರೆದುಕೊಂಡು ಹೋದಳು. ಆಪರೇಷನ್ ಆಯಿತು. ವಾಪಸ್ ಹೋಗುವ ಮಾತು ಯಾರೂ ಎತ್ತಲಿಲ್ಲ. ಅಂದಿನಿಂದ ಅವರ ಮನೆಯಲ್ಲೇ ಇದ್ದೇನೆ. ಮಗಳ ಹೆಂಡತಿ ನನ್ನನ್ನು ಅಂಕಲ್ ಎನ್ನುತ್ತಾಳೆ. ಅವಳಿಗೆ ಬರುವ ಕನ್ನಡ "ಊಟ ಆಯ್ತಾ", "ಸಾಕು", "ಕಾಫಿ ಬೇಕಾ". ಆಪರೇಷನ್ ಆದ ತಿಂಗಳು ಪ್ರತಿದಿನ ನನ್ನ ಕಾಲು ಎತ್ತಿ ಇಳಿಸಿ ವ್ಯಾಯಾಮ ಮಾಡಿಸಿದವಳು ಅವಳೇ. ಕ್ರೇನ್ ನಡೆಸುವ ಕೈ, ಬಹಳ ನಿಧಾನ. ಪ್ರತಿಯಾಗಿ ನಾನು ಬೆಳಿಗ್ಗೆ ದಾಳಿಂಬೆ ಬಿಡಿಸಿ ಅವಳ ಊಟದ ಡಬ್ಬಿಗೆ ಹಾಕುತ್ತಿದ್ದೆ. ಅಷ್ಟಾದರೆ ಹಳೆಯದೆಲ್ಲ ಸರಿಹೋಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಅವರಿಬ್ಬರೂ ಮಗುವನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದು ನಾನು ಬಂದ ಎರಡನೆಯ ವರ್ಷ.

ಇಲ್ಲಿಯ ಕ್ರಮ ನನಗೆ ವಿಚಿತ್ರವಾಗಿ ಕಂಡಿತು. ಸರ್ಕಾರದ ಇಲಾಖೆಯ ಒಬ್ಬ ಅಧಿಕಾರಿ ತಿಂಗಳುಗಟ್ಟಲೆ ಮನೆಗೆ ಬಂದು ಹೋಗುತ್ತಾರೆ. ಇಬ್ಬರೂ ತಮ್ಮ ಜೀವನದ ಕಥೆಯನ್ನು ಪೂರ್ತಿ ಬರೆದು ಕೊಡಬೇಕು. ಬಾಲ್ಯ, ಜಗಳ, ಕಾಯಿಲೆ, ಹಳೆಯ ಸಂಬಂಧಗಳು, ಎಲ್ಲ. ಮಗಳ ಹೆಂಡತಿ ಇಪ್ಪತ್ತರ ವಯಸ್ಸಿನಲ್ಲಿ ಒಂದು ವರ್ಷ ಮನಸ್ಸು ಕುಸಿದು ಹಾಸಿಗೆ ಹಿಡಿದಿದ್ದಳಂತೆ. ಅದನ್ನೂ ಬರೆದಳು. ನನಗೆ ಗಾಬರಿಯಾಯಿತು.

"ಯಾರಾದ್ರೂ ಇದನ್ನೆಲ್ಲ ಬರೀತಾರಾ?" ಎಂದು ಮಗಳನ್ನು ಕೇಳಿದೆ. "ಅವರಾಗೇ ಕೇಳಿದ್ರಾ?"

"ಕೇಳಿರ್ಲಿಲ್ಲ ಅಪ್ಪ."

"ಮತ್ತೆ ಯಾಕೆ? ಮಗು ಕೊಡೋರು ಅದನ್ನ ಓದಿದ್ರೆ ಕೊಡ್ತಾರಾ?"

ಅವಳು ನನ್ನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೆಂಡತಿಗೆ ಹೇಳಿದಳು. ಆಕೆ ಟೋಸ್ಟಿಗೆ ಬೆಣ್ಣೆ ಹಚ್ಚುತ್ತಲೇ ಉತ್ತರ ಕೊಟ್ಟಳು. "ಆ ಮಗು ಒಂದು ದಿನ ದೊಡ್ಡದಾಗುತ್ತೆ ಅಂಕಲ್. ಆಗ ನನ್ನಿಂದಲೇ ಗೊತ್ತಾಗಬೇಕಲ್ಲ. ಇವತ್ತಿಂದ ಅಭ್ಯಾಸ ಮಾಡ್ಕೋತಿದೀನಿ ಅಷ್ಟೆ." ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಮಾತನ್ನು ನಾನು ಒಪ್ಪಲಿಲ್ಲ, ಬೆರಗಾದೆ. ಅಂಥ ಧೈರ್ಯವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಅಧಿಕಾರಿ ಮನೆಗೆ ಬರುವ ದಿನ ನಾನು ಹೆಣ್ಣು ನೋಡಲು ಬರುವವರಿಗೆ ಅಣಿಮಾಡುವಂತೆ ಅಣಿಮಾಡಿದೆ. ಉಪ್ಪಿಟ್ಟು, ಕೇಸರಿಬಾತು. ಸೋಫಾಕ್ಕೆ ಹೊಸ ಹೊದಿಕೆ. ಹಾಲಿನಲ್ಲಿದ್ದ ಅವರಿಬ್ಬರ ಮದುವೆಯ ಫೋಟೋ ತೆಗೆದು ಬೀರುವಿನಲ್ಲಿಟ್ಟೆ. ಮಗಳ ಹೆಂಡತಿ ಸ್ನಾನ ಮುಗಿಸಿ ಬಂದಳು, ಖಾಲಿ ಮೊಳೆಯನ್ನು ನೋಡಿದಳು, ನೇರವಾಗಿ ಬೀರುವಿಗೆ ಹೋಗಿ ಫೋಟೋ ತಂದು ಮತ್ತೆ ತೂಗುಹಾಕಿದಳು. ನನ್ನ ಕಡೆ ತಿರುಗಿ, "ಕಾಫಿ ಬೇಕಾ?" ಎಂದಳು.

ಬಂದ ಅಧಿಕಾರಿ ಐವತ್ತು ದಾಟಿದ ಹೆಂಗಸು. ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡರು. ಮನೆಯಲ್ಲಿರುವ ಪ್ರತಿಯೊಬ್ಬರ ಜೊತೆಯೂ ಬೇರೆ ಬೇರೆಯಾಗಿ ಮಾತಾಡಬೇಕು ಎಂದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮಗಳು ಅನುವಾದ ಮಾಡುವಂತಿಲ್ಲ. ಅದಕ್ಕೆಂದೇ ಫೋನಿನಲ್ಲಿ ದುಭಾಷಿಗಳು ಸಿಗುತ್ತಾರೆ. ಮಗಳೂ ಅವಳ ಹೆಂಡತಿಯೂ ಹಿತ್ತಲಿಗೆ ಹೋದರು. ಅಧಿಕಾರಿ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಅಡಿಲೇಡ್‌ನಲ್ಲಿರುವ ಕನ್ನಡ ದುಭಾಷಿಗೆ ಜೋಡಿಸುತ್ತಿದ್ದೇವೆ ಎಂದು ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಒಂದು ಹೆಣ್ಣುದನಿ ಬಂತು.

"ನಮಸ್ಕಾರ. ನಾನು ನಿಮ್ಮ ಕನ್ನಡ ದುಭಾಷಿ. ನೀವಿಬ್ಬರೂ ಆಡೋ ಪ್ರತಿಯೊಂದು ಮಾತನ್ನೂ ನಾನು ಅನುವಾದ ಮಾಡ್ತೀನಿ. ಏನನ್ನೂ ಸೇರಿಸಲ್ಲ, ಏನನ್ನೂ ಬಿಡಲ್ಲ. ಇಲ್ಲಿ ಆಡಿದ್ದು ಹೊರಗೆ ಹೋಗಲ್ಲ."

ಅವರು ಹೇಳಿದ್ದು ನನ್ನ ತಲೆಗೆ ಹೋಗಲೇ ಇಲ್ಲ. ನನಗೆ ಕೇಳಿಸಿದ್ದು ಆ ದನಿಯಲ್ಲಿದ್ದ ಮೈಸೂರು ಮಾತ್ರ.

"ನಿಮ್ಮದು ಮೈಸೂರಾ ಅಮ್ಮ? ಯಾವ ಬಡಾವಣೆ?" ಎಂದೆ.

ಆ ದನಿ ಅದನ್ನೇ ಇಂಗ್ಲಿಷಿನಲ್ಲಿ ಅಧಿಕಾರಿಗೆ ಹೇಳಿತು. ಅಧಿಕಾರಿ ನಕ್ಕು, ಅವರು ಅದಕ್ಕೆ ಉತ್ತರ ಕೊಡುವಂತಿಲ್ಲ ಎಂದರು. ಅಷ್ಟರಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಮೈಸೂರಿನವರು, ಅಡಿಲೇಡ್‌ನಲ್ಲಿದ್ದಾರೆ, ಅಲ್ಲೂ ಕನ್ನಡ ಸಂಘ ಇರುತ್ತದೆ, ಬ್ರಿಸ್ಬೇನ್‌ನವರಿಗೂ ಅಲ್ಲಿಯವರಿಗೂ ಬಳಕೆ ಇರುತ್ತದೆ. ಎದುರಿಗೆ ಕುಳಿತ ಅಧಿಕಾರಿ ಏನು ತಿಳಿದುಕೊಳ್ಳುತ್ತಾರೆ ಎಂಬ ಚಿಂತೆ ನನಗಿರಲಿಲ್ಲ. ಆ ಫೋನಿನೊಳಗಿನ ಕನ್ನಡದ ಕಿವಿ ಏನು ತಿಳಿದುಕೊಳ್ಳುತ್ತದೆ ಎಂಬುದೇ ಚಿಂತೆ.

ಈ ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ಅಧಿಕಾರಿ ಕೇಳಿದರು.

"ನಾನು, ನನ್ನ ಮಗಳು, ಇನ್ನೊಬ್ಬ ಹುಡುಗಿ."

"ಆ ಇನ್ನೊಬ್ಬರು ನಿಮಗೆ ಏನಾಗಬೇಕು?"

"ಏನೂ ಆಗ್ಬೇಕಿಲ್ಲ. ಬಾಡಿಗೆಗಿದ್ದಾಳೆ. ಒಳ್ಳೆ ಹುಡುಗಿ."

ಅಧಿಕಾರಿಯ ಕಣ್ಣು ನನ್ನ ತಲೆಯ ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಫೋಟೋ ಇತ್ತು, ಇಬ್ಬರ ಕೊರಳಲ್ಲೂ ಮಾಲೆ. ನಾನು ಸಿಕ್ಕಿಬಿದ್ದೆ ಎಂದು ಗೊತ್ತಾಯಿತು. ಆಗ ನಾನು ಮಾಡಿದ ಕೆಲಸವನ್ನು ಬೇರೆ ಯಾವ ಜನ ಮಾಡುತ್ತಾರೋ ತಿಳಿಯದು. ಫೋನಿನ ಕಡೆ ಬಾಗಿ ದನಿ ತಗ್ಗಿಸಿದೆ.

"ತಾಯಿ, ಇದನ್ನ ಅವರಿಗೆ ಹೇಳ್ಬೇಡಿ. ನೀವು ನಮ್ಮೋರು ಅಂತ ಹೇಳ್ತಿದೀನಿ. ಆ ಹುಡುಗಿ ನನ್ನ ಮಗಳನ್ನೇ ಮದುವೆ ಆಗಿದ್ದಾಳೆ. ಆಫೀಸಿನೋರಿಗೆ ಅದು ಹೆಂಗೂ ಗೊತ್ತು. ನಿಮ್ಮ ಸಂಘದಲ್ಲಿ ಯಾರ ಕಿವಿಗೂ ಬೀಳೋದು ಬೇಡ. ಸ್ವಲ್ಪ ನೋಡ್ಕೊಂಡು ಹೇಳಿ."

ಆಮೇಲೆ ಅದೇ ದನಿ, ಏರಿಳಿತವಿಲ್ಲದೆ, ನಾನು ಹೇಳಿದ್ದೆಲ್ಲವನ್ನೂ ಇಂಗ್ಲಿಷಿಗೆ ಹಾಕಿತು. 'ಇದನ್ನು ಅವರಿಗೆ ಹೇಳಬೇಡಿ' ಎಂಬುದನ್ನೂ. 'ನೀವು ನಮ್ಮವರು' ಎಂಬುದನ್ನೂ. ನನ್ನ ಹೈಸ್ಕೂಲಿನ ಇಂಗ್ಲಿಷಿಗೂ ಅಷ್ಟು ಅರ್ಥವಾಯಿತು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು.

ಆಮೇಲೆ ಕೇಳಿದರು. ಒಂದು ಮಗು ಈ ಮನೆಗೆ ಬಂದು ನಿಮ್ಮ ಸ್ನೇಹಿತರ ಮುಂದೆ ಇಬ್ಬರನ್ನೂ ಅಮ್ಮ ಎಂದು ಕರೆದರೆ ನೀವು ಏನು ಹೇಳುತ್ತೀರಿ?

"ಆಗ ನೋಡ್ಕೋಬಹುದು" ಎಂದೆ. ಅದೂ ಇಂಗ್ಲಿಷಾಯಿತು.

ವಾರದ ನಂತರ ಇಲಾಖೆಯಿಂದ ಫೋನ್ ಬಂತು. ನನ್ನ ಮಾತುಕತೆಯಲ್ಲಿ ಬಂದ ಒಂದು ವಿಷಯ ಇತ್ಯರ್ಥವಾಗುವವರೆಗೂ ಅರ್ಜಿ ಮುಂದೆ ಹೋಗುವುದಿಲ್ಲ ಎಂದರು. ತಾಯಂದಿರಲ್ಲಿ ಒಬ್ಬಳನ್ನು ಬಾಡಿಗೆಯವಳೆಂದು ಹೇಳುವ ಮನೆಯಲ್ಲಿ ಮಗು ಏನನ್ನು ಕಲಿಯುತ್ತದೆ ಎಂಬುದು ಅವರ ಪ್ರಶ್ನೆ. ಮಗಳು ಊಟದ ಮೇಜಿಗೆ ಬಂದು ನನ್ನೆದುರು ಕುಳಿತಳು.

"ಅಪ್ಪ, ನೀವು ಅವಳನ್ನ ಬಾಡಿಗೆಯವಳು ಅಂದ್ರಂತೆ."

"ನಾನ್ಯಾಕೆ ಹಾಗನ್ನಲಿ? ಆಯಮ್ಮ ತಪ್ಪು ಹೇಳಿದ್ದಾಳೆ. ನಾನು ಹೇಳಿದ್ದೇ ಒಂದು, ಅವಳು ಇಂಗ್ಲಿಷಲ್ಲಿ ಹೇಳಿದ್ದೇ ಒಂದು. ಅವಳಿಗೆ ಕನ್ನಡವೇ ಸರಿಯಾಗಿ ಬರಲ್ಲ."

ಅವಳು ನನ್ನನ್ನೇ ನೋಡಿದಳು. "ನಿಜ ತಾನೇ?"

"ನಿಮ್ಮಮ್ಮನ ಆಣೆ."

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ನನ್ನ ಪರವಾಗಿ ಸಿಟ್ಟಾದಳು. ವಯಸ್ಸಾದವರ ಮಾತನ್ನು ತಿರುಚಿ ಹೇಳಿದರೆ ಎಷ್ಟು ಜನಕ್ಕೆ ಎಷ್ಟು ಅನ್ಯಾಯವಾಗುತ್ತದೆ ಎಂದು ಆ ದುಭಾಷಿಯ ಮೇಲೆ ದೂರು ಬರೆದಳು. ಕಳಿಸುವ ಮೊದಲು, ತಪ್ಪಿರಬಾರದೆಂದು, ನನಗೆ ಕನ್ನಡದಲ್ಲಿ ಹೇಳಿ ತೋರಿಸಿದಳು. ನಾನು ಒಂದು ಕಡೆ ತಿದ್ದುಪಡಿ ಹೇಳಿದೆ. ಅದು ಇನ್ನೂ ನಂಬುವಂತಿರಲಿ ಎಂದು.

ವಾರಗಳು ಕಳೆದವು. ನಾನು ದಾಳಿಂಬೆ ಬಿಡಿಸುತ್ತಿದ್ದೆ. ಮನೆಯಲ್ಲಿ ಸದ್ದಿಲ್ಲದೆ ಕಾಯುವುದು ನಡೆದಿತ್ತು. ಮಗುವಿಗೆಂದು ಇಟ್ಟ ಕೋಣೆಗೆ ಮಗಳ ಹೆಂಡತಿ ಹಳದಿ ಬಣ್ಣ ಹೊಡೆಯಲು ಶುರು ಮಾಡಿದ್ದವಳು ಎರಡು ಗೋಡೆಗೆ ನಿಲ್ಲಿಸಿದ್ದಳು.

ಒಂದು ಶನಿವಾರ ಮಧ್ಯಾಹ್ನ ಮಗಳು ಇಲಾಖೆಗೆ ಕೊಡಬೇಕಿದ್ದ ತನ್ನ ಜೀವನಕಥೆಯ ಹಾಳೆಗಳನ್ನು ಹಿಡಿದು ಬಂದಳು.

"ಇದರಲ್ಲಿ ನಿಮ್ಮ ಬಗ್ಗೆ ಇದೆ ಅಪ್ಪ. ನಿಮಗೆ ತೋರಿಸ್ದೆ ಕಳಿಸಿದ್ರೆ ಚಾಡಿ ಹೇಳ್ದಂಗಾಗುತ್ತೆ. ಓದ್ತೀನಿ, ಕೂತ್ಕೊಳ್ಳಿ."

ಅವಳು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡುತ್ತಾ ಓದಿದಳು. ನಾನು ಮೂರು ವರ್ಷ ಮಾತಾಡದೆ ಇದ್ದದ್ದು ಇತ್ತು. ಬ್ರಿಸ್ಬೇನ್‌ನಲ್ಲಿ ತಾಯಿಯ ಸಾವಿನ ದಿನ ನಾನು ಅವಳ ಹೆಂಡತಿಯನ್ನು ನರ್ಸ್ ಎಂದದ್ದು ಇತ್ತು. ದಾಳಿಂಬೆಯೂ ಇತ್ತು. ಚಿಕ್ಕಂದಿನಲ್ಲಿ ಅವಳಿಗೆ ಜ್ವರ ಬಂದಾಗ ನಾನು ಸ್ಟುಡಿಯೋದ ಹಳೆಯ ಫೋಟೋಗಳನ್ನು ತಂದು, ಒಂದೊಂದು ಮುಖಕ್ಕೂ ಒಂದೊಂದು ಕಥೆ ಕಟ್ಟಿ ಹೇಳುತ್ತಿದ್ದದ್ದೂ ಇತ್ತು. ಅದು ನನಗೆ ಮರೆತೇ ಹೋಗಿತ್ತು. ನನ್ನನ್ನು ಬೈದಿರಲಿಲ್ಲ, ಕಾಪಾಡಿಯೂ ಇರಲಿಲ್ಲ. ಇಡೀ ಬದುಕು ಮುಖಗಳನ್ನು ತಿದ್ದಿದ ನಾನು, ಏನನ್ನೂ ತಿದ್ದದ ನನ್ನ ಚಿತ್ರವನ್ನು ಮೊದಲ ಸಲ ನೋಡುತ್ತಿದ್ದೆ. ಅದನ್ನು ಬರೆದವಳು ನನ್ನನ್ನು ದ್ವೇಷಿಸುತ್ತಿಲ್ಲ ಎಂಬುದು ಪ್ರತಿ ಸಾಲಿನಲ್ಲೂ ಕಾಣುತ್ತಿತ್ತು.

ಕೊನೆಯ ಹಾಳೆಯಲ್ಲಿ ಹೊಸದಾಗಿ ಒಂದು ಸಾಲು ಸೇರಿಸಿದ್ದಳು. "ಬಾಡಿಗೆಯವಳು ಎಂದು ತಾನು ಹೇಳಲಿಲ್ಲವೆಂದು ನನ್ನ ತಂದೆ ನನ್ನ ತಾಯಿಯ ಮೇಲೆ ಆಣೆ ಮಾಡಿದ್ದಾರೆ. ನಾನು ಅವರನ್ನು ನಂಬುತ್ತೇನೆ."

ಅಷ್ಟು ಹಾಳೆಗಳಲ್ಲಿ ಸುಳ್ಳಾಗಿದ್ದದ್ದು ಅದೊಂದೇ ಸಾಲು. ಅದರ ಕೆಳಗೆ ಅವಳು ಸಹಿ ಹಾಕಿದ್ದಳು. ಆಗಲೂ ನಾನು ಬಾಯಿ ಬಿಡಲಿಲ್ಲ. "ಚೆನ್ನಾಗಿ ಬರೆದಿದೀಯ" ಎಂದೆ.

ಬಾಯಿ ಬಿಟ್ಟದ್ದು ಸೋಮವಾರ, ಕಾರಿನಲ್ಲಿ. ಮಗಳ ಹೆಂಡತಿ ಕೆಲಸಕ್ಕೆ ಹೋಗುವಾಗ ನನ್ನನ್ನು ಫ್ರೀಮ್ಯಾಂಟಲ್ ಮಾರ್ಕೆಟ್ಟಿನ ಹತ್ತಿರ ಇಳಿಸಿ ಹೋಗುತ್ತಾಳೆ, ನಾನು ಸುತ್ತಾಡಿ ರೈಲಿನಲ್ಲಿ ಹಿಂತಿರುಗುತ್ತೇನೆ. ಅಂದು ಅರ್ಧ ದಾರಿಯಲ್ಲಿ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಫೋನಿನ ಹೆಂಗಸು ಸರಿಯಾಗಿಯೇ ಹೇಳಿದ್ದಳು. ನಾನು ನಿನ್ನನ್ನು ಬಾಡಿಗೆಯವಳು ಎಂದದ್ದು ನಿಜ. ಆಣೆ ಸುಳ್ಳು.

ಅವಳು ಎಡಗಡೆ ಕಂಡ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿ ನಿಲ್ಲಿಸಿದಳು. ಎರಡು ಕೈಯನ್ನೂ ಸ್ಟೀರಿಂಗ್ ಮೇಲಿಟ್ಟುಕೊಂಡು ಎದುರಿಗೆ ನೋಡುತ್ತಾ ಕುಳಿತಳು.

"ಮೊದಲು ನರ್ಸು, ಆಮೇಲೆ ಬಾಡಿಗೆಯವಳು" ಎಂದಳು. "ಮುಂದಿನ ಸಲ ಏನು ಅಂಕಲ್? ಪ್ಲಂಬರಾ?"

ನಾನು ಕೈ ಮುಗಿದೆ. ತಪ್ಪಾಯಿತು ಎಂದೆ. ಬ್ರಿಸ್ಬೇನಿನದಕ್ಕೂ ಸೇರಿಸಿ ಎಂದೆ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತೋಳಿನಲ್ಲೇ ಒರೆಸಿಕೊಂಡಳು.

"ನನಗೆ ಹೇಳಿದ್ದಾಯ್ತು. ಅವಳಿಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು, ಇವತ್ತು ಆರ್ವೋ." ಆರ್ವೋ ಎಂದರೆ ಇಲ್ಲಿ ಮಧ್ಯಾಹ್ನ. "ನಾಳೆ ಅಂದ್ರೆ ನೀವು ಹೇಳಲ್ಲ ಅಂತ ನನಗೆ ಗೊತ್ತು."

ಮಗಳು ಆಸ್ಪತ್ರೆಯಿಂದ ಬೇಗ ಬಂದಿದ್ದಳು. ಹೇಳಿದೆ. ಅವಳು ಕೂಗಾಡಲಿಲ್ಲ. ಕೈಚೀಲವನ್ನು ನೆಲದ ಮೇಲಿಟ್ಟಳು.

"ಅಮ್ಮನ ಮೇಲೆ ಆಣೆ ಇಟ್ರಿ" ಎಂದಳು. ಆಮೇಲೆ, "ನಿಮ್ಮ ಮಾತು ನಂಬಿ ನಾನು ಒಬ್ಬರ ಮೇಲೆ ದೂರು ಬರೆದೆ ಅಪ್ಪ. ಅವರ ಕೆಲಸ ಹೋದ್ರೆ?"

ಫೋನಿನ ಆ ಕಡೆಯಲ್ಲೂ ಒಂದು ಜೀವವಿದೆ, ಅದಕ್ಕೂ ಒಂದು ಕೆಲಸವಿದೆ ಎಂಬುದು ಅಲ್ಲಿಯವರೆಗೂ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ಮಗಳು ಇಲಾಖೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ತಡೆಯಲು ಹೋದೆ. "ಹೇಳ್ಬೇಡ, ಮಗು ಸಿಗಲ್ಲ" ಎಂದೆ. ಫೋನಿನ ಮೇಲೆ ಕೈ ಮುಚ್ಚಿಕೊಂಡು, "ಸಿಗದಿದ್ರೆ ಸಿಗಲ್ಲ" ಎಂದಳು. ಅವಳು ಆ ಮಗುವಿಗಾಗಿ ಎಷ್ಟು ಕಾದಿದ್ದಾಳೆಂದು ನನಗೆ ಗೊತ್ತಿತ್ತು. ಅರ್ಧ ಹಳದಿಯಾದ ಆ ಕೋಣೆಯ ಬಾಗಿಲಲ್ಲಿ ನಿಂತೇ ಅವಳು ಆ ಮಾತಾಡಿದಳು.

ಅಧಿಕಾರಿ ಮತ್ತೆ ಬಂದರು. ಈ ಸಲ ಫೋನ್ ಬೇಡ ಎಂದೆ. ಮುರುಕು ಇಂಗ್ಲಿಷಿನಲ್ಲೇ ನಾನು ಮಾಡಿದ್ದನ್ನೆಲ್ಲ ಹೇಳಿದೆ. ನನ್ನ ದೆಸೆಯಿಂದ ಇವರಿಗೆ ಮಗು ತಪ್ಪಬಾರದು, ಬೇಕಾದರೆ ನಾನು ಬ್ರಿಸ್ಬೇನಿಗೆ ಹೋಗಿಬಿಡುತ್ತೇನೆ ಎಂದೆ.

ಅವರು ತಲೆಯಾಡಿಸಿದರು. ನೀವು ಹೋದರೆ ಮುಚ್ಚಿಟ್ಟ ವಿಷಯ ಇನ್ನೊಂದು ಹೆಚ್ಚಾಗುತ್ತದೆ ಎಂದರು. ದತ್ತು ಬರುವ ಮಗುವಿಗೆ ತನ್ನ ಹೆತ್ತವಳು ಯಾರು, ತಾನು ಇಲ್ಲಿಗೆ ಹೇಗೆ ಬಂದೆ, ಎಲ್ಲವೂ ಮೊದಲ ದಿನದಿಂದ ಗೊತ್ತಿರಬೇಕು. ಅದಕ್ಕೆ ನಿಮ್ಮ ಮಗಳೂ ಅವಳ ಹೆಂಡತಿಯೂ ತಯಾರಿದ್ದಾರೆ, ನನಗೆ ಸಂಶಯವಿಲ್ಲ. ತಯಾರಿಲ್ಲದವರು ನೀವು. ಇನ್ನು ಕೆಲವು ತಿಂಗಳು ನೋಡುತ್ತೇನೆ.

ಅಂದರೆ ಬಾಯಿಮಾತು ಸಾಲದು. ಏನು ಮಾಡಬೇಕೆಂದು ಅವರು ಹೇಳಲಿಲ್ಲ. ನಾನೇ ಯೋಚಿಸಿ, ಬ್ರಿಸ್ಬೇನ್‌ನಲ್ಲಿ ಅಂದು ನಾನು ಯಾರ್ಯಾರಿಗೆ 'ನರ್ಸು' ಎಂದಿದ್ದೆನೋ ಅವರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡತೊಡಗಿದೆ. ಮೊದಲನೆಯವರು, "ಓ, ಹೌದಾ" ಎಂದು ಮಳೆ ಬೆಳೆ ಮಾತಾಡಿದರು. ಇನ್ನೊಬ್ಬರು, "ಈಗ ಇದನ್ನೆಲ್ಲ ಯಾಕೆ ಹೇಳ್ತಿದೀರಿ?" ಎಂದು ಫೋನ್ ಇಟ್ಟರು. ಮೂರನೆಯವಳು ನನ್ನ ಮಗನ ಸ್ನೇಹಿತನ ಹೆಂಡತಿ. ಅವಳು ನಕ್ಕುಬಿಟ್ಟಳು.

"ಅಯ್ಯೋ ಅಂಕಲ್, ನಮಗೆ ಅವತ್ತೇ ಗೊತ್ತಾಗಿತ್ತು. ಯಾವ ನರ್ಸ್ ಹಂಗೆ ಅಳ್ತಾಳೆ? ಆಂಟಿ ಕಾಲು ಹಿಡ್ಕೊಂಡು ಕೂತಿದ್ಲು, ನೀವೇ ನೋಡ್ಲಿಲ್ವಾ?"

ನಾನು ನೋಡಿರಲಿಲ್ಲ. ಅಂದು ನಾನು ಜನರ ಮುಖಗಳನ್ನಷ್ಟೇ ನೋಡುತ್ತಿದ್ದೆ.

ಆ ಅಧಿಕಾರಿ ಮತ್ತೆ ನಾಲ್ಕೈದು ಸಲ ಬಂದರು. ಮುಂದಿನ ವರ್ಷ ಒಪ್ಪಿಗೆ ಬಂತು. ಅದಾದ ಮೇಲೂ ಕಾಯಬೇಕು. ಮನೆಯವರ ಪರಿಚಯದ ಒಂದು ಆಲ್ಬಂ ಮಾಡಿ ಕೊಡಬೇಕು, ಮಗುವನ್ನು ಹೆತ್ತವರು ಅಂಥ ಆಲ್ಬಂಗಳನ್ನು ನೋಡಿ ಯಾರ ಮನೆ ಎಂದು ಹೇಳುತ್ತಾರೆ. ನನ್ನ ಪುಟವನ್ನು ನಾನೇ ಬರೆಯಬೇಕೆಂದು ಇಬ್ಬರೂ ಹಟ ಹಿಡಿದರು. ಹಿಂದೆ ಫೋಟೋ ತಿದ್ದುವ ಕೆಲಸ ಮಾಡುತ್ತಿದ್ದೆ, ಮಂಡಿ ನೋವಿದೆ, ಇವರಿಬ್ಬರ ವಿಷಯವನ್ನು ಜನರಿಂದ ಮುಚ್ಚಿಟ್ಟಿದ್ದೆ, ಈಗ ಮುಚ್ಚಿಡುವುದಿಲ್ಲ. ಇಷ್ಟೇ ಬರೆದೆ. ಮಗಳು ಅದನ್ನು ಇಂಗ್ಲಿಷ್ ಮಾಡಿದಳು, ಒಂದು ಪದವನ್ನೂ ಬದಲಿಸಲಿಲ್ಲ.

ಒಂದೂವರೆ ವರ್ಷದ ಹೆಣ್ಣುಮಗು ಮನೆಗೆ ಬಂತು. ಅದರ ಹೆತ್ತ ತಾಯಿಯನ್ನು ನಾನು ಸ್ವಾನ್ ವ್ಯಾಲಿಯ ಒಂದು ಪಾರ್ಕಿನಲ್ಲಿ ಮೊದಲ ಸಲ ನೋಡಿದೆ. ಇಪ್ಪತ್ತೆರಡು ವರ್ಷ ಇರಬಹುದು. ವರ್ಷದಲ್ಲಿ ಕೆಲವು ಸಲ ಅವಳು ಮಗುವನ್ನು ನೋಡಲು ಬರುತ್ತಾಳೆ. ಅಂದು ಮರದ ಕೆಳಗೆ ಚಾಪೆ ಹಾಸಿ ಆ ಮೂವರು ಹೆಂಗಸರೂ ಸುತ್ತ ಕುಳಿತಿದ್ದರು, ನಡುವೆ ಮಗು ದ್ರಾಕ್ಷಿ ತಿನ್ನುತ್ತಿತ್ತು. "ನೋಡು, ನೀನು ಇವರ ಹೊಟ್ಟೆಯಲ್ಲಿ ಬೆಳೆದೆ" ಎಂದು ನನ್ನ ಮಗಳು ಅದಕ್ಕೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿದಳು, ಇದು ಸೇಬು, ಇದು ಬಾಳೆಹಣ್ಣು ಎಂದು ಹೇಳುವಷ್ಟೇ ಸರಾಗವಾಗಿ. ಆ ಹುಡುಗಿ ಅತ್ತಳು, ನಕ್ಕಳು, ಮಗುವಿನ ಬಾಯಿ ಒರೆಸಿದಳು. ನನ್ನನ್ನು ನೋಡಿ, "ನೀವು ತಾನೇ ಫೋಟೋ ತಿದ್ದುತ್ತಿದ್ದವರು?" ಎಂದು ಕೇಳಿದಳು. ಹೌದು ಎಂದೆ. ಅಂಥ ನೋವನ್ನು ಬಯಲಿನಲ್ಲಿ, ಹಗಲು ಬೆಳಕಿನಲ್ಲಿ, ಯಾರೂ ತಲೆ ತಗ್ಗಿಸದೆ ಹಂಚಿಕೊಂಡು ಕೂರಬಹುದು ಎಂದು ನನ್ನ ಕಾಲದಲ್ಲಿ ನನಗೆ ಯಾರೂ ತೋರಿಸಿರಲಿಲ್ಲ. ದೇವಸ್ಥಾನಗಳಲ್ಲಿ ಕೈಮುಗಿದು ನಿಂತಾಗಲೂ ನನ್ನ ಮನಸ್ಸು ಅಂದಿನಷ್ಟು ಮಣಿದಿದ್ದಿಲ್ಲ.

ಮಗಳ ಕ್ಷಮೆ ಕೇಳಿದ್ದೇನೆ, ಅವಳ ಹೆಂಡತಿಯ ಕ್ಷಮೆ ಕೇಳಿದ್ದೇನೆ. ತೀರಿಹೋದ ನನ್ನ ಹೆಂಡತಿಯ ಫೋಟೋದ ಮುಂದೆ ನಿಂತು, ಸುಳ್ಳು ಆಣೆಗೆ ಅವಳ ಕ್ಷಮೆಯನ್ನೂ ಕೇಳಿದ್ದೇನೆ. ಇನ್ನೊಂದು ಬಾಕಿ ಇದೆ.

ದೂರನ್ನು ಮಗಳು ಹಿಂದಕ್ಕೆ ಪಡೆದಳು. ಅಷ್ಟರಲ್ಲಿ ಏನೇನು ನಡೆದಿತ್ತು, ಆ ದುಭಾಷಿ ಯಾರಿಗೆ ಏನೇನು ವಿವರಣೆ ಕೊಡಬೇಕಾಯಿತು, ನಮಗೆ ತಿಳಿಸಲಿಲ್ಲ. ಹೋದ ವರ್ಷ ನನ್ನ ಕಣ್ಣಿನ ಪೊರೆಗೆಂದು ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿಯ ಡಾಕ್ಟರು, ಇನ್ನೂ ಯುವಕ, ದುಭಾಷಿಗೆ ಫೋನ್ ಮಾಡಿದರು.

"ನಮಸ್ಕಾರ. ನಾನು ನಿಮ್ಮ ಕನ್ನಡ ದುಭಾಷಿ. ನೀವಿಬ್ಬರೂ ಆಡೋ ಪ್ರತಿಯೊಂದು ಮಾತನ್ನೂ ನಾನು ಅನುವಾದ ಮಾಡ್ತೀನಿ."

ಮೊದಲ ಪದಕ್ಕೇ ಗುರುತು ಹತ್ತಿತು. ಡಾಕ್ಟರು ನನ್ನ ಹೆಸರು ಹೇಳಿದಾಗ ಅವರಿಗೂ ಗುರುತು ಹತ್ತಿರಬೇಕು. ಕ್ಷಮಿಸಿ ತಾಯಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅದನ್ನೂ ಅವರು ಡಾಕ್ಟರಿಗೆ ಇಂಗ್ಲಿಷ್ ಮಾಡಿ ಹೇಳಲೇಬೇಕು, ಆಮೇಲೆ ಆ ಯುವಕ ಯಾಕೆಂದು ಕೇಳುತ್ತಾನೆ, ನಾನು ಅಪರಿಚಿತನೊಬ್ಬನ ಮುಂದೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಅಷ್ಟಕ್ಕೇ ಹಿಂಜರಿದೆ. "ಎಡಗಣ್ಣು ಮಸುಕು" ಎಂದೆ. ಅವರು ಅದನ್ನು ಸರಿಯಾಗಿ ಹೇಳಿದರು. ನೋವಿದೆಯೇ ಎಂದು ಡಾಕ್ಟರು ಕೇಳಿದ್ದನ್ನು ಸರಿಯಾಗಿ ನನಗೆ ಹೇಳಿದರು. ಹತ್ತು ನಿಮಿಷ ನನ್ನ ಬಾಯಾಗಿ ಮಾತಾಡಿ, ಒಂದು ಪದವನ್ನೂ ಸೇರಿಸದೆ, ಒಂದನ್ನೂ ಬಿಡದೆ, ಫೋನ್ ಇಟ್ಟರು.

ಅವರ ಹೆಸರು ನನಗೆ ಗೊತ್ತಿಲ್ಲ. ನಾನು ಇಂದಿಗೂ ಕ್ಷಮೆ ಕೇಳದೆ ಉಳಿದಿರುವುದು ಅವರೊಬ್ಬರನ್ನೇ, ಅಡಿಲೇಡ್‌ನಲ್ಲಿ ಕುಳಿತು ನನ್ನ ಮಾತನ್ನು ನಾನಾಡಿದಂತೆಯೇ ಹೇಳಿದ ಆ ಮೈಸೂರಿನ ಹೆಂಗಸನ್ನು.